ಗಾಳಿ ಬೇಡದ ನೆಂಟರು

ತೀರಿಕೊಂಡ ಹೆಂಡತಿಯನ್ನು ಹೊರಗೆ ತರಲು ಬಾಗಿಲು ಸಾಲದೆಂದು ದರ್ಜಿ ಒಂದು ಕದದ ಸ್ಕ್ರೂ ಬಿಚ್ಚುತ್ತಿದ್ದ. ಅಡುಗೆಮನೆಯಿಂದ ಅಕ್ಕ ಬಂದಳು.

"ಕೊಚ್ಚೆ ವಾಸನೆ ಎಲ್ಲಿಂದ ಅಂತ ನೋಡಿದ್ರೆ, ನಿನ್ನ ಹೆಂಡ್ತಿ ಜಾಡಿ ಕಣೋ. ಬೆಳಗ್ಗೇನೇ ಮುಚ್ಚಳ ತೆಗೆದಿಟ್ಟೆ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಯಾಕಕ್ಕಾ ತೆಗೆದೆ?"

"ಒಳಗಿರೋ ಹುಳ ಉಸಿರುಕಟ್ಟಿ ಸಾಯಲ್ವೇನೋ? ಇವಳನ್ನ ನೋಡಿದ ಮೇಲೆ, ಯಾರ ಉಸಿರು ಕಟ್ಟೋದೂ ನೋಡಕ್ಕಾಗಲ್ಲಪ್ಪ ನನ್ನ ಕೈಲಿ."

ಅಕ್ಕನನ್ನು ಬೈಯುವುದು ಹೇಗೆ? ತಿಂಗಳುಗಟ್ಟಲೆ ಹೆಂಡತಿಗಾಗಿ ಕಿಟಕಿ ತೆರೆದಿಟ್ಟವನು ಅವನೇ ತಾನೆ. ಹೋಗಿ ಮುಚ್ಚಳ ಬಿಗಿದ. ಜಾಡಿಗೆ ಸಿಕ್ಕಿಸಿದ್ದ ಕೆಂಪು ದೀಪ ಆಗಾಗ ಮಿನುಗಬೇಕಿತ್ತು, ಮಿನುಗಲಿಲ್ಲ. ಹೆಂಡತಿಯ ಪ್ರಯೋಗಾಲಯದ ಜಾಡಿಗಳೆಲ್ಲ ಹಾಳಾಗಿ ಉಳಿದದ್ದು ಇದೊಂದೇ. ತನ್ನನ್ನು ಮಣ್ಣು ಮಾಡುವ ದಿನವೇ ಅದನ್ನು ತನ್ನ ಸಹೋದ್ಯೋಗಿಯ ಕೈಗೆ ಜೀವಂತವಾಗಿ ಒಪ್ಪಿಸಬೇಕೆಂದು ಅವಳು ಮಾತು ತೆಗೆದುಕೊಂಡಿದ್ದಳು.

*

"ತಿಂದ ಮೇಲೆ ಎಲೆಕ್ಟ್ರಾನನ್ನ ಎಲ್ಲಾದ್ರೂ ಇಳಿಸ್ಬೇಕಲ್ರೀ," ಎಂದಿದ್ದಳು ಹೆಂಡತಿ ಒಮ್ಮೆ. "ನಾವು ಗಾಳಿಗೆ ಕೊಡ್ತೀವಿ. ಈ ಸೂಕ್ಷ್ಮಜೀವಿಗಳು ಇದ್ದಿಲ ಬಟ್ಟೆಗೆ ಕೊಡ್ತವೆ, ಅಲ್ಲಿಂದ ತಂತಿಗೆ, ದೀಪ ಮಿನುಗೋದು ಅದ್ರಿಂದ್ಲೇ. ಆದ್ರೆ ಗಾಳಿ ಸಿಕ್ತೋ, ತಂತಿ ಕಡೆ ತಿರುಗಿಯೂ ನೋಡಲ್ಲ."

"ಪಕ್ಕದ್ಮನೇಲಿ ಪಾಯಸ ಅಂದ್ರೆ ನಮ್ಮನೆ ಮರೆಯೋ ನೆಂಟರ ಹಾಗೆ."

ಅವಳು ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಅವು ನೆಂಟರೇ ಆದವು. ಆ ಬಟ್ಟೆಯನ್ನು ಹೊಲಿದದ್ದು ಇವನೇ. ಇವನ ಹೊಲಿಗೆ ಹಿಡಿದು ಎಳೆದರೂ ಬಿಚ್ಚದಷ್ಟು ಬಿಗಿ, ಅವಳು ಅದನ್ನು ಬೆಳಕಿಗೆ ಹಿಡಿದು, "ಸಡಿಲ ಬಿಡ್ರೀ, ನೆಂಟರು ಕೂರೋಕೆ ಜಾಗ ಬೇಡ್ವಾ?" ಎಂದಳು. ಗೊಣಗುತ್ತಲೇ ಎಲ್ಲ ಬಿಚ್ಚಿ ಮತ್ತೆ ಹೊಲಿದ.

*

ಮಣ್ಣು ಮಾಡಿ ಬಂದ ಮೇಲೆ ಸಹೋದ್ಯೋಗಿ ಜಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಹೋದ್ವಾ?" ಎಂದ ದರ್ಜಿ.

"ಒಳಗೆ ಸೇರಿದ ಗಾಳಿನ ಮೊದಲು ಮುಗಿಸ್ತವೆ. ಆಮೇಲೆ ತಂತಿಗೆ ಬಂದ್ರೆ ಬಂದ್ವು. ಇಷ್ಟು ಹೊತ್ತು ತೆರೆದಿತ್ತು ಅಂದ್ರೆ... ಹೇಳೋಕಾಗಲ್ಲ ಸರ್. ಕಾಯೋಣ."

ಕಾಯುವುದೆಂದರೆ ಅವನಿಗೆ ಸಾಕುಸಾಕಾಗಿತ್ತು. ಕೊನೆಯ ವಾರ ಅವಳ ಒಂದೊಂದು ಉಸಿರಿಗೂ ಕಾದು, ಒಮ್ಮೆ ಮನಸ್ಸಿನಲ್ಲೇ 'ಮುಗಿದುಹೋಗಲಿ' ಅಂದುಕೊಂಡಿದ್ದ. ಮುಗಿಯಿತು. ಈಗ ಇನ್ನೊಂದು ಸಾವು ನೋಡಲು ಮೈಯಲ್ಲಿ ಕಸುವಿರಲಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚಿದ.

"ಒಳ್ಳೇದು ಮಾಡೋಕೆ ಹೋಗಿ ಅವಳ ಜೀವಮಾನದ ಕೆಲಸಾನೇ ಕೊಂದ್ನಲ್ಲೋ," ಎಂದು ಅಕ್ಕ ಅತ್ತಳು.

"ನಿನಗೇನು ಗೊತ್ತಿತ್ತು ಬಿಡಕ್ಕಾ," ಎಂದ, ಕಣ್ಣು ತೆರೆಯದೆ.

ಎಚ್ಚರವಾದಾಗ ಹೊತ್ತು ಇಳಿದಿತ್ತು. ಸಹೋದ್ಯೋಗಿ ಬಾಗಿಲಲ್ಲಿ ನಿಂತು ಯಾರೊಂದಿಗೋ ಫೋನಿನಲ್ಲಿ ಪಿಸುಗುಡುತ್ತಿದ್ದಳು. ಹೆಂಡತಿಯ ಆಕ್ಸಿಜನ್ ಯಂತ್ರ ಮೂಲೆಯಲ್ಲಿ ಸದ್ದಿಲ್ಲದೆ ನಿಂತಿತ್ತು. ಅಕ್ಕ ಜಾಡಿಯ ಪಕ್ಕದಲ್ಲಿ ಕೂತಲ್ಲೇ ನಿದ್ದೆಹೋಗಿದ್ದಳು. ಒಂದಿಷ್ಟೂ ಗಾಳಿ ಹೋಗದಂತೆ ಎರಡೂ ಅಂಗೈ ಮುಚ್ಚಳದ ಮೇಲೆ ಒತ್ತಿಕೊಂಡೇ ಇದ್ದಳು.

ಅವಳ ಗಾಜಿನ ಬಳೆಯ ಮೇಲೆ ಕೆಂಪು ಚುಕ್ಕಿಯೊಂದು ಮೂಡಿ ಆರಿತು. ಅವನು ಉಸಿರು ಬಿಗಿಹಿಡಿದು ನೋಡಿದ. ಮತ್ತೆ ಮೂಡಿತು.