ಒಂದು ರಿಂಗಿನ ಸಂಸಾರ

ಆ ಮನೆಯಲ್ಲಿ ಫೋನ್ ಇದ್ದದ್ದು ಮಾತಾಡುವುದಕ್ಕಲ್ಲ, ಹೊಡೆದುಕೊಳ್ಳುವುದಕ್ಕೆ. ಒಂದು ಸಲ ಹೊಡೆದುಕೊಂಡು ನಿಂತರೆ ಲಾರಿ ಓಡಿಸುವ ಗಂಡ ಮುಟ್ಟಿದ ಎಂದರ್ಥ. ಎರಡು ಸಲವಾದರೆ ಸರಕು ಇಳಿಸಿಯಾಯಿತು. ಮೂರಾದರೆ ಲಾರಿ ಮನೆ ಕಡೆ ತಿರುಗಿದೆ, ಅಕ್ಕಿ ಒಂದು ಹಿಡಿ ಜಾಸ್ತಿ ಹಾಕು. ಕರೆಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಗಂಡ ಹೆಂಡತಿ ಕೂಡಿ ಮಾಡಿಕೊಂಡ ಏರ್ಪಾಡು ಇದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇವರು ಕಾಲು ಮಡಚಿಕೊಂಡೇ ಮಲಗಿದವರು. ಕಟ್ಟಳೆ ಒಂದೇ: ಯಾರೂ ಎತ್ತಬಾರದು. ರಿಂಗು ನಿಲ್ಲದೆ ಹೊಡೆದುಕೊಂಡರೆ, ಇಲ್ಲವೇ ಒಬ್ಬರು ಎತ್ತಿದರೆ, ಮನೆಯಲ್ಲಿ ಕೇಡಾಗಿದೆ ಎಂದು ತಿಳಿಯಬೇಕು.

ಹಾಗೆ ಒಂದೇ ಸಲ ಆಗಿತ್ತು. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು. ಮದುವೆಯ ಹೊಸದರಲ್ಲಿ, ದಿನ ತುಂಬುವ ಮುಂಚೆಯೇ ನೋವು ಬಂತು. ಹೆಣ್ಣು ಮಗು. ಅಳಲಿಲ್ಲ. ಆಸ್ಪತ್ರೆಯ ಮಂಚದಿಂದ ಅವಳು ಗಂಡನಿಗೆ ಫೋನ್ ಮಾಡಿ, ಕಟ್ ಮಾಡದೆ ಹಿಡಿದುಕೊಂಡಳು. ಅವನು ಎತ್ತಿದ.

"ರೀ, ಮಗು ಉಳೀಲಿಲ್ಲ."

ಆ ಕಡೆ ಎಂಜಿನ್ ಸದ್ದು. ಆಮೇಲೆ ಅವನ ದನಿ: "ಹೌದಾ... ಸರಿ, ಇಡು. ದುಡ್ಡು ಓಡ್ತಾ ಇದೆ."

ಮನೆಗೆ ಬಂದವನು ಲಾರಿ ತೊಳೆದ, ಉಂಡ, ಮಲಗಿದ. ಮಗುವಿನ ಸುದ್ದಿ ಎತ್ತಲಿಲ್ಲ. ಆಮೇಲೆ ಮಕ್ಕಳೂ ಆಗಲಿಲ್ಲ. ಆ ಒಂದು ಮಾತನ್ನು ಅವಳು ಅಂದಿನಿಂದ ಬಿಚ್ಚುವುದು, ಮತ್ತೆ ಹೊಲಿಯುವುದು, ಇದನ್ನೇ ಮಾಡಿಕೊಂಡು ಬಂದಿದ್ದಳು. ದುಡ್ಡು ಓಡದೇ ಇದ್ದಿದ್ದರೆ ಅವನು ಇನ್ನೇನೋ ಅನ್ನುತ್ತಿದ್ದ. ಖಂಡಿತ ಅನ್ನುತ್ತಿದ್ದ. ಮನುಷ್ಯ ಕೆಟ್ಟವನಲ್ಲ, ಕರೆ ದುಬಾರಿಯಾಗಿತ್ತು, ಅಷ್ಟೇ. ಈ ನಂಬಿಕೆಯ ಮೇಲೆ ಅವಳ ಇಡೀ ಸಂಸಾರ ನಿಂತಿತ್ತು.

ಮನೆಯಲ್ಲಿದ್ದಾಗ ಕೇಳಬಹುದಿತ್ತಲ್ಲ ಎನ್ನಬೇಡಿ. ಕೇಳಲು ಹೋದಾಗೆಲ್ಲ ಅವನಿಗೆ ನಿದ್ದೆ, ಇಲ್ಲವೇ ಟೈರು ಪಂಕ್ಚರು. ಮಾತು ತುಂಡಾದದ್ದು ಫೋನಿನಲ್ಲಿ, ಕೂಡಬೇಕಾದದ್ದೂ ಫೋನಿನಲ್ಲೇ ಎಂದು ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಲೋಕದವರೆಲ್ಲ ಗಂಟೆಗಟ್ಟಲೆ ಹರಟುವ ಕಾಲ ಬಂದರೂ ಅವನು ಮಾತ್ರ ಹಳೇ ಬಟನ್ ಫೋನು, ಹಳೇ ಸಿಮ್ಮು ಬಿಡಲಿಲ್ಲ.

ಕೊನೆಗೆ ಬಿಡಿಸಿದವನು ಲಾರಿಯ ಸಾಹುಕಾರ. ಲಾರಿ ಎಲ್ಲಿ ನಿಂತಿದೆ, ಎಲ್ಲಿ ಓಡುತ್ತಿದೆ ಎಂದು ಕೂತಲ್ಲೇ ನೋಡುವ ಆಸೆ ಅವನಿಗೆ. ಡ್ರೈವರುಗಳಿಗೆಲ್ಲ ಒಂದೊಂದು ಹೊಸ ಸ್ಮಾರ್ಟ್‌ಫೋನ್ ಹಂಚಿದ, ಸಿಮ್ಮು ಅವರವರದೇ. ಗಂಡ ಡಬ್ಬಿಯನ್ನು ತಂದು ಹೊಲಿಗೆ ಮಷೀನಿನ ಮೇಲಿಟ್ಟು, "ಯಾವುದಾದ್ರೂ ಒಂದು ಸಿಮ್ಮು ಹಾಕಿಸು, ನನಗೆ ತಲೆನೋವು ಬೇಡ" ಎಂದ.

ಯಾವುದಾದರೂ ಒಂದಂತೆ! ಕುರುಡನಿಗೆ ಕಣ್ಣು ಬಂದಷ್ಟು ಸಂತೋಷವಾಯಿತು ಅವಳಿಗೆ.

ಬೀದಿ ಕೊನೆಯ ಫೋನ್ ಅಂಗಡಿಯವನು ಬಾಗಿಲಿಗೆ ತಲೆ ತಗಲುವಷ್ಟು ಉದ್ದ. ಅವನಿಗೆ ಟವರ್ ಎಂದೇ ಹೆಸರು. ಅವನು ಮೂರು ಕಂಪನಿಯ ಮೂರು ಬಣ್ಣದ ಕಾಗದ ಹರಡಿದ.

"ಅಕ್ಕ, ಈ ಕೆಂಪುದು ತಗೊಳ್ಳಿ. ಡೇಟಾ ಸುರೀತಾರೆ. ದಿನಾ ಸಿನಿಮಾ ನೋಡಬಹುದು."

"ಲಾರಿ ಓಡಿಸ್ತಾ ಸಿನಿಮಾ ನೋಡಿದ್ರೆ ನಾನು ಆಸ್ಪತ್ರೆ ನೋಡಬೇಕಾಗುತ್ತೆ ಕಣಪ್ಪ. ಮಾತಾಡೋಕೆ ಯಾವುದು?"

"ಮಾತು ಎಲ್ಲದರಲ್ಲೂ ಫ್ರೀ. ಎಷ್ಟು ಬೇಕಾದ್ರೂ ಆಡಿ."

"ಆಡ್ತಾ ಆಡ್ತಾ ದುಡ್ಡು ಓಡಲ್ವಾ?"

"ಒಂದು ಪೈಸೆ ಓಡಲ್ಲ ಅಕ್ಕ. ಬಾಯಿ ನೋಯಬೇಕು, ಅಷ್ಟೇ."

ಅದನ್ನು ಅವಳು ಅವನ ಬಾಯಿಂದ ಎರಡು ಸಲ ಹೇಳಿಸಿದಳು. ಆದರೆ ಅಂದೇ ಕೊಳ್ಳಲಿಲ್ಲ. ಅಳತೆ ತೆಗೆಯದೆ ಕತ್ತರಿ ಹಾಕುವ ಹೆಂಗಸಲ್ಲ ಅದು. ಮರುದಿನ ಹೊಲಿಗೆ ಬದಿಗಿಟ್ಟು ಲಾರಿಗಳು ನಿಲ್ಲುವ ಬಯಲಿಗೆ ಹೋಗಿ, ಅದೇ ದಾರಿಯಲ್ಲಿ ಓಡಾಡುವ ಡ್ರೈವರುಗಳನ್ನು ಒಬ್ಬೊಬ್ಬರನ್ನಾಗಿ ಹಿಡಿದು ವಿಚಾರಿಸಿದಳು. ಕೆಂಪು ಕಂಪನಿ ಬೆಟ್ಟ ಹತ್ತುವಾಗ ಸಾಯುತ್ತದೆ. ನೀಲಿ ಕಂಪನಿ ಸರಕು ಇಳಿಸುವ ಗೋಡೌನಿನ ತಗಡಿನ ಕೆಳಗೆ ಉಸಿರೆತ್ತುವುದಿಲ್ಲ. ಹಳದಿ ಮಾತ್ರ ದಾರಿಯುದ್ದಕ್ಕೂ, ಗೋಡೌನಿನ ಒಳಗೂ, ಎಲ್ಲಿ ಹೊಕ್ಕರೂ ಗಟ್ಟಿ. "ಬಾವಿಗೆ ಬಿದ್ರೂ ಸಿಗ್ನಲ್ ಸಿಗುತ್ತೆ ತಂಗೀ" ಎಂದ ಒಬ್ಬ ಮುದುಕ ಡ್ರೈವರು.

ಹಳದಿಯೇ ಎಲ್ಲಕ್ಕಿಂತ ದುಬಾರಿ. ನಾದಿನಿ ಬಂದವಳು ಮೂಗು ಮುರಿದಳು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ನಮ್ಮಣ್ಣ ಮಾತಾಡೋದೇ ವರ್ಷಕ್ಕೆ ನಾಲ್ಕು ಮಾತು. ಅದಕ್ಕೆ ಇಷ್ಟು ದೊಡ್ಡ ಪ್ಲಾನ್ ಬೇಕಾ ಅತ್ತಿಗೆ?"

"ಬಾಯಿ ಬಿಡೋಕೆ ಜಾಗ ಸಿಗಲಿ, ಆಮೇಲೆ ನೋಡು" ಎಂದಳು ಅತ್ತಿಗೆ. ಹಳದಿ ಸಿಮ್ಮು, ದೊಡ್ಡ ಪ್ಲಾನು, ಅದೇ ಹಳೇ ನಂಬರು. ತನ್ನ ಫೋನಿಗೂ ಮಾತು ಫ್ರೀ ಇರುವ ಪ್ಲಾನೊಂದನ್ನು ಹಾಕಿಸಿಕೊಂಡಳು. ಗಂಡನ ಎದುರಿಗೆ ಕೂತು, ಇನ್ನು ಎಷ್ಟು ಮಾತಾಡಿದರೂ ದುಡ್ಡು ಹೋಗುವುದಿಲ್ಲ ಎಂದು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಅವನು "ಹೂಂ" ಎಂದ.

ಲಾರಿ ಹೊರಟ ಮರುದಿನ ಸಂಜೆ ಫೋನ್ ಒಂದು ಸಲ ಹೊಡೆದುಕೊಂಡಿತು. ಅದು ನಿಲ್ಲುವ ಮೊದಲೇ ಅವಳು ಎತ್ತಿಬಿಟ್ಟಳು.

"ಏನಾಯ್ತು? ಯಾರಿಗೆ ಏನಾಯ್ತು?" ಅವನು ಕೂಗಿಯೇಬಿಟ್ಟ.

"ಯಾರಿಗೂ ಏನೂ ಆಗಿಲ್ಲ ಕಣ್ರೀ."

"ಮತ್ತೆ ಯಾಕೆ ಎತ್ತಿದೆ?"

"ಮಾತಾಡೋಣ ಅಂತ."

"ಏನು ಮಾತಾಡೋದು?"

ಅವಳಿಗೆ ನಗು ಬಂತು. ಪಾಪ, ಹೆದರಿದ್ದಾನೆ, ರೂಢಿ ತಪ್ಪಿದೆ ಎಂದುಕೊಂಡಳು. ಊಟವಾಯಿತೇ ಎಂದು ಕೇಳಿದಳು, ಆಯಿತು ಎಂದ. ಬಿಸಿಲಿದೆಯೇ ಎಂದಳು, ಇದೆ ಎಂದ. ಅಲ್ಲಿಗೆ ಇಬ್ಬರ ಸರಕೂ ಖಾಲಿಯಾಯಿತು. ಆದರೂ ಆ ಸಂಜೆ ಅವಳು ಹಾಡು ಗುನುಗಿಕೊಂಡು ಕಾಲರು ಹೊಲಿದಳು.

ಎರಡು ದಿನ ಬಿಟ್ಟು ಮಧ್ಯಾಹ್ನ ಅವಳೇ ಮಾಡಿದಳು. ಮೊದಲೇ "ಏನೂ ಆಗಿಲ್ಲ" ಎಂದು ಹೇಳಿಕೊಂಡಳು. ಗೋಡೌನಿನಲ್ಲಿ ಸರಕು ಇಳಿಸುವ ಸರದಿಗೆ ಕಾಯುತ್ತಿದ್ದೇನೆ, ಕೆಲಸವಿಲ್ಲ ಎಂದ ಅವನು. ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೆಲ್ಲಿ ಸಿಕ್ಕೀತು? ಅವಳು ಮಷೀನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ರೀ, ಅವತ್ತು ಮಗು ಹೋದಾಗ ನಾನು ಫೋನ್ ಮಾಡಿದ್ನಲ್ಲ. ದುಡ್ಡು ಓಡ್ತಿದೆ ಅಂತ ಇಟ್ಟುಬಿಟ್ರಿ. ಈಗ ಓಡಲ್ಲ. ಅವತ್ತು ಏನು ಹೇಳ್ಬೇಕು ಅಂತಿದ್ರೋ ಈಗ ಹೇಳಿ."

ಅವಳು ಕತ್ತರಿಯನ್ನು ಬದಿಗೆ ಸರಿಸಿದಳು.

"ಎಷ್ಟೊತ್ತಾದ್ರೂ ಆಗ್ಲಿ. ನಾನು ಕೇಳ್ತೀನಿ."

"ಸರಿ, ಇಡ್ತೀನಿ. ದುಡ್ಡು..." ಎಂದವನು ಅಷ್ಟಕ್ಕೇ ನಿಲ್ಲಿಸಿದ. ಆ ಮಾತಿಗೆ ಈಗ ಬೆಲೆಯಿಲ್ಲ ಎಂಬುದು ಅವನಿಗೂ ಹೊಳೆದಿರಬೇಕು. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಹಲೋ?" ಎಂದ. "ಹಲೋ... ಏನೂ ಕೇಳಿಸ್ತಾ ಇಲ್ಲ. ಇಲ್ಲಿ ಸಿಗ್ನಲ್ ಇಲ್ಲ."

ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ದೂರದಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು, ಲಾರಿಯ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು, ಗಂಡನ ಉಸಿರು ಕಿವಿಯ ಪಕ್ಕದಲ್ಲೇ ಇದ್ದಂತೆ ಕೇಳಿಸಿತು. ಬಾವಿಗೆ ಬಿದ್ದರೂ ಸಿಗುವ ಸಿಗ್ನಲ್ಲನ್ನು ಹುಡುಕಿ ಹಾಕಿಸಿದವಳು ತಾನೇ. ಅವನು ಇನ್ನೊಂದು ಸಲ "ಹಲೋ" ಎಂದು ಇಟ್ಟ.

ಅವಳು ಅಳಲಿಲ್ಲ. ಹೊಟ್ಟೆಯಲ್ಲಿ ಒಂದು ಜಾಗ ಖಾಲಿಯಾಯಿತು, ಅದು ಹಿಂದೊಮ್ಮೆ ಆಸ್ಪತ್ರೆಯ ಮಂಚದಲ್ಲಿ ಖಾಲಿಯಾದ ಜಾಗವೇ. ಹೇಳಬೇಕಾದದ್ದು ಅವನೊಳಗೆ ಇರಲೇ ಇಲ್ಲವೋ, ಇದ್ದೂ ಹೊರಗೆ ಬಾರದೋ, ಅವಳಿಗೆ ಇನ್ನು ತಿಳಿಯುವಂತಿರಲಿಲ್ಲ. ಕೈಯಲ್ಲಿದ್ದ ತುಂಡು ನೆಪವನ್ನೂ ತಾನೇ ಕತ್ತರಿಸಿ ಬಿಸಾಡಿದ್ದಳು. ಅರ್ಧ ಹೊಲಿದ ಅಂಗಿಯನ್ನು ಮಷೀನಿನಿಂದ ತೆಗೆದು ಮಡಚಿಟ್ಟಳು.

ಮರುದಿನ ಬೆಳಿಗ್ಗೆ ಟವರ್ ಅಂಗಡಿಯ ಬಾಗಿಲು ಎತ್ತುವಾಗಲೇ ಅವಳು ಎದುರಿಗೆ ನಿಂತಿದ್ದಳು.

"ಏನಕ್ಕ, ಹಳದಿ ಹೇಗಿದೆ? ಚೆನ್ನಾಗಿ ಕೇಳಿಸುತ್ತಾ?"

"ತುಂಬ ಚೆನ್ನಾಗಿ ಕೇಳಿಸುತ್ತೆ. ಅವರು ಊರಿಗೆ ಬಂದ ಮೇಲೆ ಬದಲಾಯಿಸಬೇಕು ತಮ್ಮ."

"ಯಾಕಕ್ಕ? ಯಾವುದಕ್ಕೆ?"

ಕೌಂಟರಿನ ಗಾಜಿನಡಿಯಲ್ಲಿ ಮೂರು ಬಣ್ಣದ ಕಾಗದಗಳು ಹಾಗೇ ಇದ್ದವು. ಅವಳು ಅವನ್ನೇ ನೋಡುತ್ತ ಕೇಳಿದಳು:

"ಗೋಡೌನಿನ ಒಳಗೆ ಸಿಗ್ನಲ್ ಸಿಗೋದೇ ಇಲ್ಲ ಅಂತ ಡ್ರೈವರುಗಳು ಅಂದ್ರಲ್ಲ, ಅದು ನೀಲಿ ಅಲ್ವಾ? ಅದನ್ನೇ ಹಾಕಿಕೊಡು."