ಕ್ಲಚ್ಚಮ್ಮನ ಕೈ

"ಅಮ್ಮನ ಕೈ ನಡುಗ್ತಿತ್ತು ನೋಡಿ. ಅದಕ್ಕೇ ನಾವೇ ಕಾರು ಬಿಡಿಸಿದ್ವಿ. ಆಮೇಲೆ ಸೊರಗ್ತಾನೇ ಹೋದ್ರು," ಎಂದು ದೊಡ್ಡ ಮಗ ಶವದ ವ್ಯಾನಿನ ಬಾಗಿಲು ಹಿಡಿದುಕೊಂಡೇ ಪಕ್ಕದ ಮನೆಯವರಿಗೆ ಹೇಳುತ್ತಿದ್ದಾಗ, ಚಿಕ್ಕಮ್ಮ ಅವನ ಕೈ ಸರಿಸಿ ಬಾಗಿಲನ್ನು ತಾನೇ ದಢಾರನೆ ಹಾಕಿದಳು.

"ಬೆಳಗ್ಗಿಂದ ಎಷ್ಟು ಜನಕ್ಕೋ ಅದನ್ನೇ ಹೇಳ್ತೀಯಾ? ಅಕ್ಕನ ಕೈ ನಡುಗ್ತಿರ್ಲಿಲ್ಲ."

"ಇವತ್ತೊಂದಿನ ಸುಮ್ನಿರಿ ಚಿಕ್ಕಮ್ಮ. ಜನ ನೋಡ್ತಿದಾರೆ."

"ನೋಡ್ಲಿ. ನೋಡೋಕೆ ತಾನೇ ಬಂದಿರೋದು!"

ವ್ಯಾನಿನೊಳಗೆ ಮಲಗಿದ್ದವಳು ಊರಿಗೆಲ್ಲ ಕ್ಲಚ್ಚಮ್ಮ. ಗಂಡ ಸತ್ತ ಮೇಲೆ ಡ್ರೈವಿಂಗ್ ಸ್ಕೂಲು ನಡೆಸಿ ಇಬ್ಬರು ಮಕ್ಕಳನ್ನು ಸಾಕಿದವಳು. ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್ಚು! ಕ್ಲಚ್ಚು!" ಎಂದು ಅವಳು ಕಿರುಚಿದರೆ ಬೀದಿಯ ಆ ತುದಿಗೂ ಕೇಳುತ್ತಿತ್ತು. ಸಾವಿಗೆ ಬಂದವರಲ್ಲಿ ಮುಕ್ಕಾಲು ಪಾಲು ಅವಳ ಬೈಗುಳ ತಿಂದು ಲೈಸೆನ್ಸ್ ಪಡೆದವರೇ. ಮಕ್ಕಳಿಬ್ಬರು, ಡಾಕ್ಟರು, ಟೈರ್ ಅಂಗಡಿಯವನು, ಎಲ್ಲರೂ. ಈಗ ಅವರೆಲ್ಲರ ಬಾಯಲ್ಲೂ ಒಂದೇ ಮಾತು: ಪಾಪ, ಕೈ ನಡುಗುತ್ತಿತ್ತಂತೆ. ಅಕ್ಕನ ಜೊತೆ ನಿಜವನ್ನೂ ಮಣ್ಣು ಮಾಡಿ ಮುಗಿಸಿಬಿಡುತ್ತಾರಲ್ಲ ಎಂದು ಚಿಕ್ಕಮ್ಮನಿಗೆ ಮೈಯೆಲ್ಲ ಉರಿಯಿತು.

*

ಸ್ಕೂಲಿನ ಕಾರಿಗೆ ಹೊಸ ಟೈರು ಹಾಕಿಸಿದ ವಾರವೇ ಅಕ್ಕ ಅಂಗಡಿಗೆ ವಾಪಸು ಹೋಗಿದ್ದಳು. ಚಿಕ್ಕಮ್ಮನೂ ಜೊತೆಗಿದ್ದಳು.

"ಸ್ಪೀಡು ಎಂಬತ್ತು ದಾಟಿದ್ರೆ ಸ್ಟೇರಿಂಗು ಗಡಗಡ ಅಂತ ನಡುಗುತ್ತೆ ಕಣೋ. ನೀನು ಚಕ್ರದ ಬ್ಯಾಲೆನ್ಸಿಂಗ್ ಮಾಡಿಲ್ಲ."

ಟೈರ್ ಅಂಗಡಿಯವನು ಕಾರು ಹತ್ತಿ ಮಾರ್ಕೆಟ್ ಬೀದಿಯಲ್ಲಿ ಒಂದು ಸುತ್ತು ಹಾಕಿದ. ಕಾಲಿಡಲು ಜಾಗವಿಲ್ಲದ ಆ ಬೀದಿಯಲ್ಲಿ ಮೂವತ್ತು ದಾಟುವುದು ಎಲ್ಲಿಂದ ಬಂತು! "ಬೆಣ್ಣೆ ಥರ ಹೋಗುತ್ತಮ್ಮಾ," ಎಂದು ಇಳಿದ. "ನಡುಗ್ತಿರೋದು ಕಾರಲ್ಲ, ನಿಮ್ಮ ಕೈ. ವಯಸ್ಸಾಯ್ತಲ್ಲ."

ಅವನು ನಕ್ಕು ಆಡಿದ ಮಾತು, ಅಕ್ಕ ಮನೆ ಮುಟ್ಟುವ ಮೊದಲೇ ಮಕ್ಕಳ ಕಿವಿಗೆ ಬಿದ್ದಿತ್ತು. ಕಲಿಯಲು ಬರುವವರು ಯಾರೂ ಅಷ್ಟು ಜೋರಾಗಿ ಓಡಿಸುವುದಿಲ್ಲ. ಆ ನಡುಕ ಕಂಡವಳು ಅಕ್ಕ ಒಬ್ಬಳೇ. ಡಾಕ್ಟರು ಫೋನಿನಲ್ಲೇ "ಈ ವಯಸ್ಸಿಗೆ ಸಹಜ" ಎಂದರು. ಮಕ್ಕಳು "ನಿಮ್ಮ ಒಳ್ಳೇದಕ್ಕೇ ಅಮ್ಮ" ಎಂದು ಕೀ ಇಸಿದುಕೊಂಡರು. ಅಕ್ಕ ಅವರ ಎದುರಿಗೇ ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸಿ ತೋರಿಸಿದಳು. ಯಾರೂ ತಲೆಯೆತ್ತಿ ನೋಡಲಿಲ್ಲ. ಸ್ಕೂಲಿನ ಬೋರ್ಡು ಇಳಿಯಿತು.

*

ಸ್ಮಶಾನ ಊರಾಚೆ, ಹೈವೇ ಪಕ್ಕ. ವ್ಯಾನಿನವನಿಗೆ ಬೇರೆಲ್ಲೋ ಹೋಗುವ ಅವಸರ. ಅವನ ಹಿಂದೆ ದೊಡ್ಡ ಮಗ ಅಮ್ಮನ ಕಾರು ಓಡಿಸುತ್ತಿದ್ದ, ಪಕ್ಕದಲ್ಲಿ ಚಿಕ್ಕಮ್ಮ. ಮುಳ್ಳು ಎಂಬತ್ತು ದಾಟಿತು. ಸ್ಟೇರಿಂಗ್ ಅದುರತೊಡಗಿತು. ಅವನು ಬಿಗಿಯಾಗಿ ಹಿಡಿದ, ಮೊಣಕೈತನಕ ಅದುರಿತು. ನಿಧಾನ ಮಾಡಿದ. ನಡುಕ ನಿಂತಿತು.

"ಯಾಕೋ ನಿಧಾನ ಮಾಡ್ದೆ?"

"ಏನಿಲ್ಲ."

"ವ್ಯಾನು ಹೋಗೇಬಿಡ್ತು. ಒತ್ತು."

ಒತ್ತಿದ. ಮತ್ತೆ ಅದೇ ಗಡಗಡ.

"ಚಿಕ್ಕಮ್ಮ... ಕಾರು..."

"ಕಾರಲ್ಲಪ್ಪಾ. ನಿನ್ನ ಕೈ. ವಯಸ್ಸಾಯ್ತಲ್ಲ!"

ಅವನು ಬಿಕ್ಕಿದ. ಬೆಳಗ್ಗಿನಿಂದ ಅತ್ತಿರಲಿಲ್ಲ, ಈಗ ಮಗುವಿನಂತೆ ಅತ್ತ. ಚಿಕ್ಕಮ್ಮನ ಕಣ್ಣೂ ತುಂಬಿತು, ಬಾಯಿ ಮಾತ್ರ ಸೋಲಲಿಲ್ಲ. "ಅಳು. ಆದ್ರೆ ರಸ್ತೆ ನೋಡ್ಕೊಂಡು ಅಳು."

ಮಣ್ಣು ಮಾಡಿದ ಮೇಲೆ ಎಲ್ಲರೂ ಗೇಟಿನ ಹತ್ತಿರ ಸೇರಿದರು. ಯಾರೋ ದೊಡ್ಡ ಮಗನಿಗೆ ನಾಲ್ಕು ಮಾತಾಡು ಎಂದರು.

"ಅಮ್ಮನ ಕೈ ನಡುಗ್ತಿರ್ಲಿಲ್ಲ," ಎಂದ ಅವನು. "ಕಾರು ನಡುಗ್ತಿತ್ತು. ನಾವು ಯಾರೂ ಓಡಿಸಿ ನೋಡ್ಲಿಲ್ಲ."

ಜನ ಮುಖ ಮುಖ ನೋಡಿಕೊಂಡರು. ಟೈರ್ ಅಂಗಡಿಯವನು ಅವನ ಬೆನ್ನು ಸವರಿದ. "ದುಃಖದಲ್ಲಿ ಹಾಗೆಲ್ಲ ಅನ್ಸುತ್ತೆ, ಸಮಾಧಾನ ಮಾಡ್ಕೊ."

"ನಿನಗೆ ದುಃಖ ಇಲ್ವಲ್ಲ, ನೀನು ಬಾ," ಎಂದು ಚಿಕ್ಕಮ್ಮ ಕೀ ಚಾಚಿದಳು. ಇಷ್ಟು ಜನರೆದುರು ಒಲ್ಲೆ ಎನ್ನುವುದು ಹೇಗೆ? ಹತ್ತಿದ. ಅಕ್ಕ ಕೂರುತ್ತಿದ್ದ ಸೀಟಿನಲ್ಲಿ ಚಿಕ್ಕಮ್ಮ ಕೂತಳು. ಕಾರು ಹೈವೇಯಲ್ಲಿ ಸಣ್ಣದಾಗಿ ಮರೆಯಾಗಿ, ತಿರುಗಿ ಬಂತು. ಅವನು ಇಳಿದವನೇ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ರಿಮ್ಮಿನ ಸುತ್ತ, ಒಳಗೆ, ಹೊರಗೆ ಬೆರಳಾಡಿಸಿದ. ತೂಕ ಸರಿದೂಗಿಸಲು ಅಂಟಿಸಬೇಕಿದ್ದ ಸೀಸದ ತುಂಡು ಒಂದೂ ಇರಲಿಲ್ಲ.

"ಅಂಗಡಿಗೆ ತನ್ನಿ," ಎಂದ ನೆಲ ನೋಡುತ್ತಾ. "ಈಗ್ಲೇ ಸರಿ ಮಾಡ್ತೀನಿ."

"ಈಗ್ಲೇ ಬೇಡ. ಎಲ್ಲರದ್ದೂ ಆಗ್ಲಿ," ಎಂದಳು ಚಿಕ್ಕಮ್ಮ, ಸೀಟಿನಿಂದ ಇಳಿಯದೆ. "ಡಾಕ್ಟ್ರೇ, ನೀವು ಬನ್ನಿ."

ಡಾಕ್ಟರು ತಮ್ಮ ಕಾರಿನ ಕಡೆ ಒಮ್ಮೆ ನೋಡಿದರು. ಆಮೇಲೆ ಬಂದು ಬೆಲ್ಟ್ ಹಾಕಿಕೊಂಡರು. ಮುಂದಿನ ಸರದಿಗೆ ಚಿಕ್ಕ ಮಗ ಕೈಗಂಟಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನಿಂತ, ಅವನ ಹಿಂದೆ ಪಕ್ಕದ ಮನೆಯವರು. ಸಾಲು ಸ್ಮಶಾನದ ಗೇಟು ದಾಟಿ ಒಳಗಿನ ತನಕ ಬೆಳೆಯಿತು.