ಚಾಡಿ ಹೇಳಿದ ಎಡ ಕಿಡ್ನಿ

ಗಂಟಕ್ಕನ ಕೈ ಜೀವಮಾನದಲ್ಲಿ ನಡುಗಿದ್ದು ಒಂದೇ ಸಲ, ಮದುವೆಯ ದಿನ. ಅದೂ ಹಿಡಿದುಕೊಂಡ ಗಂಡನ ಕೈ ಗಡಗಡ ಅನ್ನುತ್ತಿದ್ದುದರಿಂದ. ಮಿಕ್ಕಂತೆ ಭೂಮಿ ನಡುಗಿದರೂ ಆ ಕೈ ನಡುಗದು. ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ, ಲಕ್ಷಾಂತರ ಇಲಿ. ಹೋಗಲಿ, ಸಾವಿರಾರು ಅನ್ನಿ. ಅರಿವಳಿಕೆಯಲ್ಲಿ ಮಲಗಿದ ಇಲಿಯ ಕರುಳಿನಿಂದ ಲಿವರಿಗೆ ರಕ್ತ ಒಯ್ಯುವ ನಾಳದ ಪಕ್ಕ ಒಂದು ಸೂಜಿಯಿಟ್ಟು, ಎರಡನ್ನೂ ಸೇರಿಸಿ ದಾರ ಬಿಗಿದು, ಸೂಜಿಯನ್ನು ಸರ್ರನೆ ಎಳೆದುಬಿಡುವಳು. ಸೂಜಿ ಬಿಟ್ಟ ಸಂದಿನಷ್ಟೇ ರಕ್ತಕ್ಕೆ ದಾರಿ. ಹಿಂದೆ ಒತ್ತಡ ಏರಿ, ಲಿವರ್ ಕೆಟ್ಟ ಮನುಷ್ಯನ ಹೊಟ್ಟೆಯೊಳಗಿನ ಪಾಡು ಇಲಿಗೂ ಬರುತ್ತಿತ್ತು. ಆ ಗಂಟಿನಿಂದಲೇ ಅವಳಿಗೆ ಆ ಹೆಸರು.

ಎರಡು ವಾರ ಬಿಟ್ಟು ಅಳತೆ. ಧೂಳಿಗಿಂತ ಸಣ್ಣ ಬಣ್ಣದ ಮಣಿಗಳನ್ನು ಇಲಿಯ ಹೃದಯಕ್ಕೆ ಬಿಡುವುದೂ ಅವಳೇ. ರಕ್ತ ಎಲ್ಲಿಗೆ ಎಷ್ಟು ಹೋಗುತ್ತದೋ ಮಣಿಯೂ ಅಲ್ಲಿಗೆ ಅಷ್ಟೇ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅಂಗಗಳನ್ನು ತೂಗಿ, ಕರಗಿಸಿ, ಮಣಿ ಎಣಿಸಿದರೆ ಗ್ರಾಮಿಗೆ ಎಷ್ಟು ರಕ್ತ ಎಂದು ಗೊತ್ತಾಗುತ್ತದೆ. ಇದಕ್ಕೆಲ್ಲ ಸಾಕ್ಷಿ ಹೇಳುವವು ಎರಡು ಕಿಡ್ನಿಗಳು. ಅಕ್ಕತಂಗಿಯರ ಹಾಗೆ ಎರಡಕ್ಕೂ ಸಮಪಾಲು ಬರಬೇಕು. ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂತೋ, ಮಣಿ ಬೆರೆತಿಲ್ಲ, ಬಿಟ್ಟವರ ಕೈ ಸರಿಯಿಲ್ಲ ಎಂದರ್ಥ.

ಈಗ ಸಾಲಾಗಿ ಏಳು ಇಲಿ; ಏಳರಲ್ಲೂ ವ್ಯತ್ಯಾಸ ಇಪ್ಪತ್ತರ ಆಸುಪಾಸು.

"ಬೇಜಾರು ಮಾಡ್ಕೋಬೇಡಿ ಅಕ್ಕ, ನಿಮ್ಮ ಕೈ ಹೋಯ್ತು," ಎಂದರು ಹೊಸದಾಗಿ ಬಂದಿದ್ದ ಡಾಕ್ಟ್ರು.

ಲ್ಯಾಬಿನ ಮುಖ್ಯಸ್ಥೆ ದೊಡ್ಡ ಮೇಡಂ ನಿಟ್ಟುಸಿರಿಟ್ಟರು. "ಇನ್ನೆರಡು ಇಲಿ ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ನೀನು ಪಂಜರದ ಕೋಣೆ ನೋಡ್ಕೊಳಮ್ಮ."

ಮನೆಗೆ ಬಂದವಳೇ ಗಂಟಕ್ಕ ಅತಿ ಸಣ್ಣ ಸೂಜಿಗೆ ದಾರ ಪೋಣಿಸಿದಳು, ಎಳೆದಳು, ಮತ್ತೆ ಪೋಣಿಸಿದಳು. ನಾನೂರು ಸಲ, ಒಮ್ಮೆಯೂ ತಪ್ಪಲಿಲ್ಲ.

"ಒಂದು ಗಂಟೆಯಿಂದ ಸೂಜಿ ಹಿಡಿದಿದ್ದೀಯ, ನನ್ನ ಅಂಗಿ ಗುಂಡಿಗೆ ಇನ್ನೂ ಯೋಗ ಬಂದಿಲ್ವಲ್ಲೇ," ಎಂದ ಗಂಡ.

"ಸುಮ್ನಿರಿ. ಕೈ ಸರಿಯಾಗೇ ಇದೆ. ಹಾಗಾದ್ರೆ ಕೆಟ್ಟಿರೋದು ಏನು?"

ಬೆಳಗ್ಗೆ ಹೋಗಿ ದಾಖಲೆ ಪುಸ್ತಕ ಬಿಡಿಸಿದಳು. ಏಳು ಸಲವೂ ಕಡಿಮೆ ಬಂದದ್ದು ಎಡ ಕಿಡ್ನಿಯೇ!

"ಮಣಿ ಬೆರೆಯದಿದ್ರೆ ಒಂದ್ಸಲ ಎಡ, ಒಂದ್ಸಲ ಬಲ ಸೊರಗ್ಬೇಕಿತ್ತು ಸರ್. ಯಾವಾಗ್ಲೂ ಎಡಾನೇ ಯಾಕೆ? ಎಡ ಕಿಡ್ನಿ ತೆಗೆದು ತೂಗೋರು ನೀವು, ಬಲ ನಾನು. ಇವತ್ತು ಜಾಗ ಬದ್ಲಾಯಿಸೋಣ."

"ಕುಣಿಯಲಾರದೋರಿಗೆ ನೆಲ ಡೊಂಕಂತೆ," ಎಂದು ನಕ್ಕರೂ ಡಾಕ್ಟ್ರು ಬಲಕ್ಕೆ ಸರಿದು ಕೂತರು.

ಮಾರನೇ ದಿನ ಲೆಕ್ಕ ಬಂತು. ಎಡ ಕಿಡ್ನಿ ಚೇತರಿಸಿಕೊಂಡಿತ್ತು, ಬಲ ಕಿಡ್ನಿ ಸೊರಗಿತ್ತು. ಡಾಕ್ಟ್ರ ಮುಖ ಅದಕ್ಕಿಂತ ಸೊರಗಿತ್ತು.

ಉಳಿದದ್ದು ಒಂದೇ ಇಲಿ. ದೊಡ್ಡ ಮೇಡಂ ಖುದ್ದಾಗಿ ಬಂದು ನಿಂತರು. ಡಾಕ್ಟ್ರು ಕಿಡ್ನಿ ತೆಗೆದು ತಕ್ಕಡಿಯ ತಟ್ಟೆಗೆ ಇಡಬೇಕು, ಅಷ್ಟರಲ್ಲಿ ಗಂಟಕ್ಕ, "ಒಂಚೂರು ತಾಳಿ ಸರ್," ಎಂದಳು. ಚಿಮಟದಲ್ಲಿ ಹಿಡಿದು, ನೆನೆದ ಅವರೆಕಾಳಿನ ಸಿಪ್ಪೆ ಹಿಚುಕಿದಷ್ಟು ಸಲೀಸಾಗಿ ಅದರ ಸುತ್ತಲಿನ ಕೊಬ್ಬನ್ನು ಬಿಡಿಸಿದಳು. ಕೊಬ್ಬನ್ನಷ್ಟೇ ತೂಗಿದಳು. ಕಾಲು ಗ್ರಾಂ! ಕಿಡ್ನಿಯೋ, ಒಂದೇ ಗ್ರಾಂ.

"ಇದನ್ನೂ ಕಿಡ್ನಿ ಅಂತ ತೂಗಿಬಿಟ್ರೆ ತೂಕ ಏರುತ್ತೆ, ಮಣಿ ಏರಲ್ಲ. ಗ್ರಾಮಿಗೆ ರಕ್ತ ಕಡಿಮೆ ಬರದೆ ಇನ್ನೇನು ಸರ್?"

ಆ ಇಲಿಯ ಎರಡು ಕಿಡ್ನಿಗಳ ಲೆಕ್ಕದಲ್ಲಿ ಕೂದಲೆಳೆಯ ವ್ಯತ್ಯಾಸವೂ ಬರಲಿಲ್ಲ. ಆ ಕೂದಲನ್ನು ನಾಲ್ಕಾಗಿ ಸೀಳಿದರೂ ಬರುತ್ತಿರಲಿಲ್ಲ. ಪಂಜರದ ಕೋಣೆಯ ಮಾತನ್ನು ದೊಡ್ಡ ಮೇಡಂ ಮತ್ತೆ ಎತ್ತಲಿಲ್ಲ.

ಡಾಕ್ಟ್ರು ಇಡೀ ಲ್ಯಾಬಿನೆದುರು ಎದ್ದು ನಿಂತರು. "ಕೈ ಹೋಗಿದ್ದು ಅಕ್ಕಂದಲ್ಲ, ನಂದು," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಬಿಡಿಸೋದು ನಂಗೂ ಕಲಿಸ್ತೀರಾ?"

ಗಂಟಕ್ಕ ಎದೆಯುಬ್ಬಿಸಿ ಪಕ್ಕದ ಸ್ಟೂಲು ಎಳೆದು ಹಾಕಿದಳು. "ಕೂತ್ಕೊಳ್ಳಿ. ಮೊದ್ಲು ಚಿಮಟ ಹಾಗೆ ಹಿಡಿಯೋದು ಬಿಡಿ, ಪಂಜರದಲ್ಲಿರೋ ಇಲಿಗಳು ನೋಡಿದ್ರೆ ನಗ್ತಾವೆ."